ಹೆಸರುವಾಸಿ ಕಾಲೇಜೋ, ಪೂರ್ಣ ವಿದ್ಯಾರ್ಥಿವೇತನವೋ: ಜಯನಗರದ ಪ್ರವೇಶ ಸಲಹಾ ಕೇಂದ್ರವೊಂದರಲ್ಲಿ ಮೂರು ಭೇಟಿ

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಊಟದ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ಮಗಳು ಬರೆದ, ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ರ‍್ಯಾಂಕ್ ಕಾರ್ಡು. ಹಿಂದಿನ ವರ್ಷದ ಕಟ್‌ಆಫ್ ನೋಡಿದರೆ ಆ ರ‍್ಯಾಂಕಿಗೆ ಬೆಂಗಳೂರಿನ ಹಳೆಯ, ಹೆಸರುವಾಸಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಗುವುದು ಹೆಚ್ಚುಕಡಿಮೆ ಖಚಿತವಿತ್ತು, ಆದರೆ ಅದರ ಬೋಧನಾ ಶುಲ್ಕ ವರ್ಷಕ್ಕೆ 2,85,000 ರೂಪಾಯಿ. ಇನ್ನೊಂದು ನೆರೆರಾಜ್ಯದ ಖಾಸಗಿ ವಿಶ್ವವಿದ್ಯಾಲಯದಿಂದ ಬಂದ ಪತ್ರ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಸೀಟು, ನಾಲ್ಕು ವರ್ಷವೂ ಬೋಧನಾ ಶುಲ್ಕ ಪೂರ್ತಿ ಮಾಫಿ. ಮೊದಲನೆಯದರ ಬಗ್ಗೆ ನೆಂಟರಿಷ್ಟರಿಗೆಲ್ಲ ಗೊತ್ತಿತ್ತು, ಎರಡನೆಯದರ ಹೆಸರನ್ನು ನಾವೇ ಅದೇ ತಿಂಗಳು ಮೊದಲ ಬಾರಿ ಕೇಳಿದ್ದೆವು. ಈ ಎರಡರ ನಡುವೆ ತೀರ್ಮಾನಿಸಲು ಜಯನಗರ 4ನೇ ಬ್ಲಾಕಿನ ಒಂದು ಪ್ರವೇಶ ಸಲಹಾ ಕೇಂದ್ರಕ್ಕೆ ನಾವು 15,000 ರೂಪಾಯಿ ಶುಲ್ಕ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 17,700 ರೂಪಾಯಿ ಕೊಟ್ಟೆವು. ಆ ಹಣಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು, ಈ ವರ್ಷ ಇದೇ ಸ್ಥಿತಿಯಲ್ಲಿರುವ ತಂದೆ ತಾಯಂದಿರ ಉಪಯೋಗಕ್ಕೆ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹೇಳುವುದಿಲ್ಲ. ನಾನು ಕಂಡ ಕೊರತೆ ಆ ಒಂದು ಕಚೇರಿಯದಷ್ಟೇ ಅಲ್ಲ, ಈ ಬಗೆಯ ಸೇವೆಯನ್ನು ಕೊಳ್ಳುವವರೆಲ್ಲ ಗಮನಿಸಬೇಕಾದದ್ದು.

ನಾನು ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಶಿಕ್ಷಣ ಸಾಲದ ಕಡತಗಳು ನನ್ನ ಮೇಜಿನ ಮೇಲೆ ಪ್ರತಿ ವರ್ಷ ಜುಲೈ, ಆಗಸ್ಟ್‌ನಲ್ಲಿ ರಾಶಿ ಬೀಳುತ್ತವೆ. ಇಷ್ಟಾಗಿಯೂ ಸ್ವಂತ ಮಗಳ ವಿಷಯ ಬಂದಾಗ ಹೊರಗಿನವರೊಬ್ಬರು ಕುಳಿತು ಹೇಳಲಿ ಎನ್ನಿಸಿತು. ಮನೆಯಲ್ಲಿ ಯಜಮಾನರದೊಂದು ಅಭಿಪ್ರಾಯ, ನನ್ನದೊಂದು, ನನ್ನ ಅತ್ತೆಯವರದು ಮತ್ತೊಂದು. ಮಗಳಂತೂ ಯಾರಿಗೂ ಬೇಸರವಾಗಬಾರದೆಂದು ಸುಮ್ಮನಿದ್ದಳು. ನಮ್ಮ ಮೊದಲ ಆಸೆ ಕೆ.ಆರ್. ವೃತ್ತದ ಯುವಿಸಿಇ ಆಗಿತ್ತು. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು, ಶುಲ್ಕವೂ ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಆದರೆ ರಾಜ್ಯ ಸರ್ಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕೆಮಿಸ್ಟ್ರಿ ಪತ್ರಿಕೆ ಕೈಕೊಟ್ಟಿತು. ಸಿಇಟಿ ರ‍್ಯಾಂಕಿನಲ್ಲಿ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಅರ್ಧರ್ಧ ಪಾಲು, ಹೀಗಾಗಿ ಪಿಯುಸಿ ಅಂಕ ಒಂದಿಷ್ಟು ಮೇಲೆತ್ತಿದರೂ ಯುವಿಸಿಇಯಲ್ಲಾಗಲಿ, ಆ ಹೆಸರುವಾಸಿ ಕಾಲೇಜಿನ ಸರ್ಕಾರಿ ಕೋಟಾದಲ್ಲಾಗಲಿ ಬೇಕಾದ ವಿಭಾಗ ಸಿಗುವಷ್ಟು ರ‍್ಯಾಂಕ್ ಬರಲಿಲ್ಲ.

ಕೇಂದ್ರ ಇರುವುದು ಸ್ಟೇಷನರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ನಾವು ಹೋದ ಶನಿವಾರ ಮೆಟ್ಟಿಲ ತುದಿಯವರೆಗೂ ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಫೈಲು, ಅದರೊಳಗೆ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ ಆದಾಯ ಪ್ರಮಾಣಪತ್ರ. ಸಮಯ ನಿಗದಿಯಾಗಿದ್ದರೂ ಮುಕ್ಕಾಲು ಗಂಟೆ ಕಾದೆವು.

ಮೊದಲ ಭೇಟಿಯಲ್ಲಿ ಮಾತನಾಡಿದವರು ಒಬ್ಬ ಯುವ ಸಲಹೆಗಾರರು. ಚುರುಕು, ವಿನಯ ಎರಡೂ ಇತ್ತು. ಮಗಳ ಪಿಯುಸಿ ಅಂಕ ನೋಡಿದವರೇ, "ಮೇಡಂ, ಈ ಮಾರ್ಕ್ಸಿಗೆ ನಿಮಗೆ ನೂರಕ್ಕೆ ನೂರು ಸ್ಕಾಲರ್‌ಶಿಪ್ ಸಿಗುತ್ತೆ, ನೀವು ಯಾಕೆ ದುಡ್ಡು ಕೊಟ್ಟು ಓದಿಸ್ತೀರಿ?" ಎಂದರು. ಅಲ್ಲೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದರು, ನಾಲ್ಕೇ ದಿನದಲ್ಲಿ ಮೇಲೆ ಹೇಳಿದ ಪತ್ರ ಬಂತು. ಜೊತೆಗೆ ಅವರು ಕಳಿಸಿದ ಒಂದು ಪುಟದ ಹೋಲಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ನಿಮ್ಮ ಉಳಿತಾಯ 14 ಲಕ್ಷ ರೂಪಾಯಿ." ಆ ವಿಶ್ವವಿದ್ಯಾಲಯ ವರ್ಷಕ್ಕೆ ಘೋಷಿಸಿರುವ ಶುಲ್ಕ 3,50,000, ನಾಲ್ಕರಿಂದ ಗುಣಿಸಿದರೆ 14 ಲಕ್ಷ. ಹಾಗೆ ನೋಡಿದರೆ ಲೆಕ್ಕ ತಪ್ಪಲ್ಲ. ಆದರೆ ನಾವು ಎಂದೂ ಕೊಡಲು ಹೊರಟಿರದ ಹಣವನ್ನು ಉಳಿತಾಯವೆಂದು ತೋರಿಸುವುದು ನ್ಯಾಯವಲ್ಲ. ನಮ್ಮ ಮುಂದಿದ್ದ ಪ್ರಶ್ನೆ ಆ ವಿಶ್ವವಿದ್ಯಾಲಯದಲ್ಲಿ ಪೂರ್ತಿ ಶುಲ್ಕ ಕೊಡುವುದೋ ಬಿಡುವುದೋ ಎಂಬುದಾಗಿರಲಿಲ್ಲ. ಆದರೂ ಆ ಒಂದು ಸಾಲು ಮನೆಯಲ್ಲಿ ಮಾಡಿದ ಕೆಲಸ ದೊಡ್ಡದು. ಆ ರಾತ್ರಿ ಮಗಳು ತಾನಾಗಿಯೇ ಬಂದು, "ಅಮ್ಮ, ಇಷ್ಟು ದುಡ್ಡು ಉಳಿಯುತ್ತೆ ಅಂದರೆ ನಾನು ಅಲ್ಲಿಗೇ ಹೋಗ್ತೀನಿ, ತಮ್ಮನ ಓದಿಗಾದರೂ ಆಗುತ್ತೆ" ಎಂದಳು. ಒಂಬತ್ತನೇ ತರಗತಿಯ ತಮ್ಮನ ಓದಿಗಾಗಿ ಹದಿನೆಂಟು ತುಂಬದ ಹುಡುಗಿ ತನ್ನ ದಾರಿಯನ್ನು ತಿರುಗಿಸಿಕೊಳ್ಳಲು ಸಿದ್ಧಳಾದದ್ದು ಸರಿಯಾದ ಲೆಕ್ಕದ ಮೇಲಾದರೂ ಆಗಬೇಕಿತ್ತು.

ಎರಡನೆಯ ಭೇಟಿ ಈ ಸೇವೆಯ ನಿಜವಾದ ಬೆಲೆ. ಆ ಕೇಂದ್ರದಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ನಿವೃತ್ತ ಇಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರು ಕೂರುತ್ತಾರೆ. ನಾವು ಕೇಳಿದ್ದರಿಂದ ಅವರ ಸಮಯ ಸಿಕ್ಕಿತು, ಕೇಳದಿದ್ದರೆ ಬಹುಶಃ ಮತ್ತೆ ಅದೇ ಯುವಕರ ಎದುರು ಕೂರುತ್ತಿದ್ದೆವು. ಅವರು ನಮ್ಮ ಕಾಗದಗಳನ್ನು ಮುಟ್ಟುವ ಮೊದಲು ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿಕೊಂಡು ಕೇಳಿದರು: "ಕಳೆದ ಎರಡು ವರ್ಷದಲ್ಲಿ ಯಾರೂ ಹೇಳದೆ, ಮಾರ್ಕ್ಸಿಗೂ ಅಲ್ಲದೆ, ನೀನೇ ಕೂತು ಮಾಡಿದ ಕೆಲಸ ಯಾವುದಮ್ಮಾ?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಹೇಳತೊಡಗಿದಳು. ನಮ್ಮ ಮನೆಗೆ ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕಿ ಮರೆತರೆ ತುಂಬಿ ಹರಿದು ಹೋಗುತ್ತದೆ. ಅವಳು ಪ್ರಥಮ ಪಿಯುಸಿ ರಜೆಯಲ್ಲಿ ಎಸ್.ಪಿ. ರಸ್ತೆಗೆ ಹೋಗಿ ಟ್ರಾನ್ಸಿಸ್ಟರು, ರೆಸಿಸ್ಟರು, ಒಂದು ಪುಟ್ಟ ಬಜರ್ ತಂದು, ಟ್ಯಾಂಕಿನಲ್ಲಿ ನೀರು ಮೇಲಿನ ತಂತಿಯನ್ನು ಮುಟ್ಟಿದೊಡನೆ ಕೂಗುವ ಹಾಗೆ ಒಂದು ಸರ್ಕ್ಯೂಟ್ ಮಾಡಿದ್ದಳು. ಮೊದಲ ಮಳೆಗಾಲದಲ್ಲಿ ತಂತಿಗೆ ಪಾಚಿ ಕಟ್ಟಿ ಅದು ಸುಮ್ಮಸುಮ್ಮನೆ ಕೂಗಲು ಶುರು ಮಾಡಿತು. ಅವಳು ತಾಮ್ರದ ತಂತಿ ತೆಗೆದು ಸ್ಟೀಲ್ ಸ್ಕ್ರೂ ಹಾಕಿದಳು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ, ಆದರೆ ಪ್ರವೇಶದ ಮಾತಿಗೂ ಇದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಮೇಷ್ಟ್ರು, "ಪಾಚಿ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ಅವಳು ಮಲ್ಟಿಮೀಟರಿನಲ್ಲಿ ಏನು ನೋಡಿದಳೆಂದು ವಿವರಿಸಿದಳು. ಹದಿನೈದು ನಿಮಿಷ ಅವರಿಬ್ಬರೇ ಮಾತನಾಡಿದರು. ಮೊದಲ ಭೇಟಿಯ ಒಂದು ಗಂಟೆಯಲ್ಲಿ ಮಗಳು ಆಡಿದ್ದು ತನ್ನ ಹೆಸರು ಮತ್ತು ನೋಂದಣಿ ಸಂಖ್ಯೆ ಮಾತ್ರ.

ಆಮೇಲೆ ಅವರು ವಿದ್ಯಾರ್ಥಿವೇತನದ ಪತ್ರವನ್ನು ಕೈಗೆತ್ತಿಕೊಂಡರು. ಮೊದಲ ಪುಟದಲ್ಲಿ ಅಭಿನಂದನೆ, ಮಾಫಿಯ ಮೊತ್ತ. ಅವರು ನೇರವಾಗಿ ಮೂರನೇ ಪುಟದ ಅನುಬಂಧಕ್ಕೆ ಹೋಗಿ ಪೆನ್ಸಿಲಿನಿಂದ ಗುರುತು ಹಾಕುತ್ತ ಓದಿದರು. ಪ್ರತಿ ವರ್ಷದ ಕೊನೆಗೆ ಸಿಜಿಪಿಎ (ಹತ್ತಕ್ಕೆ ಇಷ್ಟು ಎಂಬ ಸರಾಸರಿ ಗ್ರೇಡ್ ಅಂಕ) 8.5ಕ್ಕಿಂತ ಕಡಿಮೆಯಾಗಬಾರದು, ಯಾವ ವಿಷಯದಲ್ಲೂ ಫೇಲಾಗಿ ಬ್ಯಾಕ್‌ಲಾಗ್ ಇರಬಾರದು, ಒಮ್ಮೆ ಮಾಫಿ ತಪ್ಪಿದರೆ ಮುಂದೆ ಅಂಕ ಸುಧಾರಿಸಿದರೂ ಮರಳಿ ಸಿಗುವುದಿಲ್ಲ, ವಿಭಾಗ ಬದಲಿಸಿದರೆ ಮಾಫಿ ರದ್ದು, ಹೊರಊರಿನವರಿಗೆ ಹಾಸ್ಟೆಲ್ ಕಡ್ಡಾಯ, ಹಾಸ್ಟೆಲ್ ಮತ್ತು ಮೆಸ್ ಶುಲ್ಕ ವರ್ಷಕ್ಕೆ ಶೇ. 8ರವರೆಗೆ ಏರಬಹುದು. ಸಾಲದ ಕರಾರು ಓದುವುದೇ ಉದ್ಯೋಗವಾಗಿರುವ ನಾನು ಈ ಅನುಬಂಧವನ್ನು ಒಮ್ಮೆ ಕಣ್ಣಾಡಿಸಿ ಬಿಟ್ಟಿದ್ದೆ; ಪೂರ್ಣ ಮಾಫಿ ಎಂಬ ಮಾತಿನ ಸಂತೋಷದಲ್ಲಿ ಅದು ಕರಾರಿನ ಹಾಗೆ ಕಾಣಿಸಿರಲಿಲ್ಲ.

8.5 ಎಂಬ ಅಂಕಿಯ ಬಗ್ಗೆ ಅವರು ಹೇಳಿದ್ದು ನಾನು ಬೇರೆಲ್ಲೂ ಕೇಳಿರದ ಮಾತು. ತರಗತಿಯ ಸರಾಸರಿಯನ್ನು ಆಧರಿಸಿ ಗ್ರೇಡ್ ಕೊಡುವ ಪದ್ಧತಿ ಇದ್ದಲ್ಲಿ, ಒಬ್ಬ ವಿದ್ಯಾರ್ಥಿ ಎಷ್ಟು ಅಂಕ ತೆಗೆದ ಎನ್ನುವುದಕ್ಕಿಂತ ಪಕ್ಕದವರು ಎಷ್ಟು ತೆಗೆದರು ಎನ್ನುವುದು ಮುಖ್ಯವಾಗುತ್ತದೆ. ಪೂರ್ಣ ಮಾಫಿ ಪಡೆದ ಬುದ್ಧಿವಂತ ಮಕ್ಕಳನ್ನೆಲ್ಲ ಒಂದೇ ವಿಭಾಗಕ್ಕೆ ಸೇರಿಸಿದರೆ, ಎಲ್ಲರೂ ಚೆನ್ನಾಗಿಯೇ ಓದಿದರೂ, ಎಲ್ಲರಿಗೂ ಮೇಲಿನ ಗ್ರೇಡ್ ಸಿಗಲು ಸಾಧ್ಯವೇ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಗ್ರೇಡ್ ಕೊಡುವುದು ಹೇಗೆ, ಮತ್ತು ಹಿಂದಿನ ತಂಡದಲ್ಲಿ ಮಾಫಿ ಪಡೆದು ಸೇರಿದವರಲ್ಲಿ ಎಷ್ಟು ಜನ ನಾಲ್ಕನೇ ವರ್ಷದಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಅವರ ಸೂಚನೆಯಂತೆ ನಾವು ವಿಶ್ವವಿದ್ಯಾಲಯಕ್ಕೆ ಈ ಎರಡು ಪ್ರಶ್ನೆಗಳನ್ನು ಇ-ಮೇಲ್ ಮಾಡಿದೆವು. ಮೊದಲನೆಯದಕ್ಕೆ ಉತ್ತರ ಬಂತು: ಸರಾಸರಿ ಆಧರಿಸಿದ ಗ್ರೇಡ್ ಪದ್ಧತಿಯೇ. ಎರಡನೆಯದಕ್ಕೆ ಉತ್ತರ ಬರಲೇ ಇಲ್ಲ.

ನಂತರ ಲೆಕ್ಕ. ಪತ್ರದ ಹಿಂಬದಿಯಲ್ಲೇ ಅವರು ಎರಡು ಅಂಕಣ ಎಳೆದರು. ಬೆಂಗಳೂರಿನ ಕಾಲೇಜು: ಬೋಧನಾ ಶುಲ್ಕ ನಾಲ್ಕು ವರ್ಷಕ್ಕೆ 11,40,000, ಓಡಾಟ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ ಸೇರಿ ವರ್ಷಕ್ಕೆ 40,000ದಂತೆ 1,60,000, ಒಟ್ಟು 13 ಲಕ್ಷ. ವಿಶ್ವವಿದ್ಯಾಲಯ: ಬೋಧನಾ ಶುಲ್ಕ ಸೊನ್ನೆ, ಹಾಸ್ಟೆಲ್ ಮತ್ತು ಮೆಸ್ ಮೊದಲ ವರ್ಷ 1,70,000, ಶೇ. 8ರ ಏರಿಕೆಯೊಂದಿಗೆ ನಾಲ್ಕು ವರ್ಷಕ್ಕೆ ಸುಮಾರು 7,66,000. ಇತರ ಶುಲ್ಕ, ರೈಲು ಖರ್ಚು, ಕೈಖರ್ಚು ವರ್ಷಕ್ಕೆ 60,000ದಂತೆ 2,40,000. ಒಟ್ಟು ಸುಮಾರು 10 ಲಕ್ಷ. ಮನೆಯಲ್ಲಿ ಅವಳು ಉಣ್ಣುವ ಅನ್ನಕ್ಕೂ ಬೆಲೆ ಇದೆಯಲ್ಲ ಎಂದು ನಾನೇ ಕೇಳಿದೆ. ಅದಕ್ಕೆ ತಿಂಗಳಿಗೆ 3,000 ಸೇರಿಸಿಕೊಂಡರು. ಆಗಲೂ ಎರಡರ ನಡುವಿನ ಅಂತರ ನಾಲ್ಕೂವರೆ ಲಕ್ಷದೊಳಗೇ ಉಳಿಯಿತು. ಹದಿನಾಲ್ಕು ಲಕ್ಷದ ಉಳಿತಾಯ ಒಂದು ಪೆನ್ಸಿಲಿನ ಎದುರು ಮೂರನೇ ಒಂದು ಭಾಗಕ್ಕೂ ಕಡಿಮೆಯಾಯಿತು. ಕೊನೆಯಲ್ಲಿ ಇನ್ನೊಂದು ಸಾಲು ಬರೆದರು: ಮೊದಲ ವರ್ಷದ ನಂತರ ಮಾಫಿ ತಪ್ಪಿದರೆ ಮೂರು ವರ್ಷದ ಶುಲ್ಕ 10,50,000 ಮೇಲೆ ಬೀಳುತ್ತದೆ, ಒಟ್ಟು ಖರ್ಚು ಇಪ್ಪತ್ತು ಲಕ್ಷ ದಾಟುತ್ತದೆ. ಅಷ್ಟು ಹೊತ್ತಿಗೆ ಮಗುವಿಗೆ ಹಿಂದಕ್ಕೆ ಬರುವ ದಾರಿಯೂ ಇರುವುದಿಲ್ಲ.

ಈ ಲೆಕ್ಕ ನಮ್ಮ ಮನೆಗೆ ಮಾತ್ರ ಸರಿ ಎಂಬುದನ್ನು ಅವರೇ ಒತ್ತಿ ಹೇಳಿದರು, ನಾನೂ ಹೇಳುತ್ತೇನೆ. ನಮ್ಮ ಮನೆ ಹನುಮಂತನಗರದಲ್ಲಿದೆ, ಮಗಳು ಮನೆಯ ಊಟ ಉಂಡು ಬಸ್ಸು ಹಿಡಿದು ಕಾಲೇಜಿಗೆ ಹೋಗಬಹುದು. ಸಾಗರದಿಂದಲೋ ಸಿಂಧನೂರಿನಿಂದಲೋ ಬರುವ ಮಗುವಿಗೆ ಹಾಸ್ಟೆಲ್ ಅಥವಾ ಪೇಯಿಂಗ್ ಗೆಸ್ಟ್ ಖರ್ಚು ಎರಡು ಕಡೆಯೂ ಇದ್ದೇ ಇರುತ್ತದೆ, ಆಗ ಎರಡೂ ಅಂಕಣದಿಂದ ಆ ಮೊತ್ತ ಹೊಡೆದುಹೋಗಿ ಮಾಫಿಯ ಪೂರ್ತಿ ತೂಕ ಉಳಿಯುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಅಣ್ಣನ ಮಗ ಇಂಥದೇ ಒಂದು ಮಾಫಿಯಲ್ಲಿ ಸೇರಿದ. ಆದರೆ ಅವನ ಪತ್ರದಲ್ಲಿದ್ದ ಷರತ್ತು ಪ್ರತಿ ವರ್ಷ ತೇರ್ಗಡೆಯಾಗಬೇಕೆಂಬುದಷ್ಟೇ. ಅವನ ತೀರ್ಮಾನ ನನಗೆ ಸಂಪೂರ್ಣ ಸರಿ ಎನಿಸುತ್ತದೆ. ವಿದ್ಯಾರ್ಥಿವೇತನವೆಂದರೆ ಸಂಶಯಪಡಬೇಕಾದ ವಸ್ತು ಎಂದು ಯಾರೂ ಇದರಿಂದ ತಿಳಿಯಬಾರದು. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆ ಎಐಸಿಟಿಇಯ ಬೋಧನಾ ಶುಲ್ಕ ವಿನಾಯಿತಿ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವವರಿಗಾಗಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ. ನಮ್ಮಲ್ಲಿ ಸಿಇಟಿಯ ಮೂಲಕ ಇದು ಎಸ್‌ಎನ್‌ಕ್ಯು ಎಂಬ ಹೆಸರಿನಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಅದೇ ಆದಾಯ ಮಿತಿಯಲ್ಲಿ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಐಐಟಿಗಳಲ್ಲಿ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಇವುಗಳನ್ನು ಕೇಂದ್ರದ ಯುವ ಸಲಹೆಗಾರರು ಒಮ್ಮೆಯೂ ಪ್ರಸ್ತಾಪಿಸಲಿಲ್ಲ. ನಮ್ಮ ಆದಾಯ ಮಿತಿ ಮೀರುತ್ತದೆ, ನಮಗೆ ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಆ ದಿನ ಮೆಟ್ಟಿಲ ಮೇಲೆ ನಿಂತಿದ್ದವರಲ್ಲಿ ಅನ್ವಯಿಸುವವರು ಖಂಡಿತ ಇದ್ದರು.

ಹೆಸರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕಾಲೇಜಿನ ಹೆಸರು ಎಂದರೆ ಮದುವೆ ಮನೆಯಲ್ಲಿ ಹೇಳಿಕೊಳ್ಳುವ ಮಾತು ಎಂದು ನನ್ನ ಯಜಮಾನರ ವಾದವಾಗಿತ್ತು. 1946ರ ಬಿಎಂಎಸ್, 1962ರ ರಾಮಯ್ಯ, 1963ರ ಆರ್‌ವಿ, ಇವುಗಳ ಹೆಸರನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ, ಹಾಗಾಗಿ ದೊಡ್ಡದೆನಿಸುತ್ತದೆ, ಅಷ್ಟೇ ಎಂದು. ಮೇಷ್ಟ್ರು ಇದನ್ನು ತಳ್ಳಿಹಾಕಲಿಲ್ಲ. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲೂ ಜನರ ಅಭಿಪ್ರಾಯಕ್ಕೆ ಇರುವ ಪಾಲು ಶೇ. 10 ಮಾತ್ರ, ಕಲಿಕೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶಕ್ಕೆ 20 ಎಂದು ವಿವರಿಸಿದರು. ಪ್ರತಿ ಸಂಸ್ಥೆಯೂ ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಅದರಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ ಎಷ್ಟು ಎಂಬುದಿರುತ್ತದೆ. ಜಾಹೀರಾತಿನಲ್ಲಿ ಬರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರದು, ಮಧ್ಯಮ ಸಂಬಳ ಸಾಲಿನ ನಡುವೆ ನಿಂತವರದು. ಹಾಗೆಯೇ ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ವಿಭಾಗಕ್ಕೆ. ನಾವು ಸೇರಿಸಲು ಹೊರಟಿರುವ ವಿಭಾಗಕ್ಕೆ ಎನ್‌ಬಿಎ ಇದೆಯೇ ಎಂದು ನೋಡಬೇಕು. ಇದೆಲ್ಲವನ್ನೂ ಅವರು ತಮ್ಮ ಕಂಪ್ಯೂಟರಿನಲ್ಲಿ ತೆಗೆದು, ಎರಡೂ ಸಂಸ್ಥೆಗಳ ಕಡತವನ್ನು ಅಕ್ಕಪಕ್ಕ ಇಟ್ಟು ತೋರಿಸಿದರು.

ವಿಭಾಗದ ಬಗ್ಗೆ ಅವರು ಬೇಕೆಂದೇ ಕಡಿಮೆ ಮಾತನಾಡಿದರು. ಕಂಪ್ಯೂಟರ್ ಸೈನ್ಸ್ ಸಿಗುವಾಗ ಎಲೆಕ್ಟ್ರಾನಿಕ್ಸ್ ಯಾರಾದರೂ ತೆಗೆದುಕೊಳ್ಳುತ್ತಾರೆಯೇ ಎಂದು ನಾನು ಕೇಳಿದಾಗ, "ಈ ಊರಲ್ಲಿ ಬಿಇಎಲ್ ಇದೆ, ಇಸ್ರೋ ಇದೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಚಿಪ್ ಡಿಸೈನ್ ಇದೆ. ನಿಮ್ಮ ಮಗಳು ಆಗಲೇ ಉತ್ತರ ಹೇಳಿದ್ದಾಳೆ, ನೀವು ಕೇಳಿಸಿಕೊಂಡಿದ್ದೀರಿ" ಎಂದರು.

ಮನೆಗೆ ಬಂದು ನಾನು ನನ್ನ ಕಸುಬಿನ ಲೆಕ್ಕ ಮಾಡಿದೆ. ನಮ್ಮ ಉಳಿತಾಯದಿಂದ ಅರ್ಧಕ್ಕಿಂತ ಹೆಚ್ಚು ಹೊಂದುತ್ತಿತ್ತು, ಉಳಿದ 6 ಲಕ್ಷಕ್ಕೆ ಶಿಕ್ಷಣ ಸಾಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವುದಿಲ್ಲ. ಕೋರ್ಸ್ ಮುಗಿದು ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ. ಹಣವನ್ನು ವರ್ಷಕ್ಕೆ ಒಂದೂವರೆ ಲಕ್ಷದಂತೆ ಬಿಡುಗಡೆ ಮಾಡಿಸಿಕೊಂಡರೆ, ಶೇ. 9.5ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ ಸುಮಾರು 1,200 ರೂಪಾಯಿ. ಅದನ್ನು ಓದುವಾಗಲೇ ನಾವು ಕಟ್ಟುತ್ತ ಹೋದರೆ ಬಡ್ಡಿ ಅಸಲಿಗೆ ಸೇರುವುದಿಲ್ಲ, ಮುಂದೆ ಏಳು ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 9,800 ರೂಪಾಯಿ. ಮೊದಲ ಕೆಲಸದ ಸಂಬಳದಲ್ಲಿ ಮಗಳು ಹೊರಬಹುದಾದ ಭಾರ ಇದು, ಹೊರಲಾಗದಿದ್ದರೆ ನಾವು ಹೊರಬಹುದಾದದ್ದು. ಕುಟುಂಬದ ಆದಾಯ 8 ಲಕ್ಷದೊಳಗಿರುವವರು, ಕಾಲೇಜು ಪಟ್ಟಿಯಲ್ಲಿದ್ದರೆ, 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ದಯವಿಟ್ಟು ಸೀಟು ಖಚಿತವಾಗುವ ಮೊದಲೇ ನಿಮ್ಮ ಶಾಖೆಗೆ ಹೋಗಿ ಮಾತನಾಡಿ. ಶುಲ್ಕ ಕಟ್ಟಲು ಎರಡು ದಿನ ಉಳಿದಿರುವಾಗ ಕಣ್ಣೀರು ಹಾಕಿಕೊಂಡು ಬರುವ ತಂದೆ ತಾಯಂದಿರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಅಷ್ಟು ಹೊತ್ತಿನಲ್ಲಿ ಮನಸ್ಸಿದ್ದರೂ ನಮ್ಮ ಕೈಯಲ್ಲಿ ಮಾಡಲು ಹೆಚ್ಚೇನೂ ಇರುವುದಿಲ್ಲ.

ಮೂರನೆಯ ಭೇಟಿಯಲ್ಲಿ ನನ್ನ ದೂರು ಇದೆ. ಅರ್ಜಿಯ ಪ್ರತಿಯನ್ನು ಮನೆಯಲ್ಲಿ ನೋಡುವಾಗ ಬಲಗಡೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಣ್ಣಿಗೆ ಬಿತ್ತು. ಅದರಲ್ಲಿ ‘ಚಾನೆಲ್ ಪಾರ್ಟ್‌ನರ್ ಕೋಡ್’ ಎಂಬ ತಲೆಬರಹ, ಅದರ ಕೆಳಗೆ ಆರಂಕಿಯ ಒಂದು ಸಂಖ್ಯೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಯ ಮೂಲೆಯಲ್ಲಿ ಇಂಥ ಸಂಖ್ಯೆ ಇದ್ದರೆ ಅದು ಗಿರಾಕಿಯನ್ನು ಕರೆತಂದ ಏಜೆಂಟರದೆಂದು ನಮಗೆ ತಕ್ಷಣ ತಿಳಿಯುತ್ತದೆ. ಈ ಸಂಖ್ಯೆ ಯಾರದು ಎಂದು ನಾನು ಯುವ ಸಲಹೆಗಾರರನ್ನು ಕೇಳಿದೆ. "ಅದು ಎಲ್ಲಾ ಕಡೆ ಇರೋದೇ ಮೇಡಂ, ನಿಮಗೇನೂ ಎಕ್ಸ್‌ಟ್ರಾ ಆಗಲ್ಲ" ಎಂದರು. ವಿಶ್ವವಿದ್ಯಾಲಯ ನಿಮಗೆ ಹಣ ಕೊಡುತ್ತದೆಯೇ ಎಂದು ನೇರವಾಗಿ ಕೇಳಿದಾಗ, ಸ್ವಲ್ಪ ತಡೆದು, ಪ್ರತಿ ಪ್ರವೇಶಕ್ಕೆ ‘ಸೇವಾ ಶುಲ್ಕ’ ಬರುತ್ತದೆಂದು ಒಪ್ಪಿಕೊಂಡರು. ನಮ್ಮಿಂದಲೂ ಶುಲ್ಕ, ಅವರಿಂದಲೂ ಶುಲ್ಕ. ಅದನ್ನು ಮೊದಲ ದಿನವೇ ಹೇಳಿದ್ದರೆ ನಾನು ಸಿಟ್ಟಾಗುತ್ತಿರಲಿಲ್ಲ. ಅವರ ಸಲಹೆಯನ್ನು ಎಷ್ಟು ತೂಗಬೇಕೋ ಅಷ್ಟು ತೂಗುತ್ತಿದ್ದೆ. ಹೇಳದೆ ಹದಿನಾಲ್ಕು ಲಕ್ಷದ ಉಳಿತಾಯವೆಂದು ಮಗುವಿನ ಮುಂದೆ ಇಟ್ಟದ್ದು ನನಗೆ ಈಗಲೂ ನೋವಿನ ವಿಷಯ.

ಅದರ ಜೊತೆಗೆ ಅವಸರ. ಕಾಮೆಡ್‌ಕೆ ಮೊದಲ ಸುತ್ತಿನ ಹಂಚಿಕೆಗೆ ಇನ್ನೂ ಸಮಯವಿರುವಾಗಲೇ, 25,000 ರೂಪಾಯಿ ಕಟ್ಟಿ ವಿಶ್ವವಿದ್ಯಾಲಯದ ಸೀಟು ‘ಬ್ಲಾಕ್’ ಮಾಡಿ, ಇಲ್ಲದಿದ್ದರೆ ಮಾಫಿ ಬೇರೆಯವರಿಗೆ ಹೋಗುತ್ತದೆ ಎಂದು ಮೂರು ದಿನ ಬೆಳಿಗ್ಗೆ ಸಂಜೆ ಫೋನು ಬಂತು. ಕಟ್ಟಿದ ಹಣ ಮರಳಿ ಸಿಗುವುದಿಲ್ಲ ಎಂದು ಪತ್ರದಲ್ಲಿ ಅಚ್ಚಾಗಿತ್ತು. ಶುಲ್ಕ ಮರುಪಾವತಿಯ ಬಗ್ಗೆ ಯುಜಿಸಿ ಮತ್ತು ಎಐಸಿಟಿಇ ಎರಡೂ ನಿಯಮ ಮಾಡಿವೆ ಎಂಬುದನ್ನು ಪೋಷಕರು ತಿಳಿದಿರಬೇಕು. ಎಐಸಿಟಿಇ ಅನುಮೋದನೆಯ ಕಾಲೇಜಿನಲ್ಲಿ ಕೋರ್ಸ್ ಶುರುವಾಗುವ ಮೊದಲೇ ಸೀಟು ಬಿಟ್ಟರೆ ಸಂಸ್ಕರಣಾ ಶುಲ್ಕವೆಂದು ಸಾವಿರ ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ. ನಾವು ಹಣ ಕಟ್ಟಲಿಲ್ಲ.

ಆಪ್ಷನ್ ಎಂಟ್ರಿಯ, ಅಂದರೆ ಬೇಕಾದ ಕಾಲೇಜು, ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಕೆಲಸದ, ನೆರವು ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾಮೆಡ್‌ಕೆಯಲ್ಲಿ ಸೀಟು ಒಪ್ಪಿ ಅಲ್ಲಿಗೇ ನಿಲ್ಲುವುದು, ಒಪ್ಪಿ ಮೇಲಿನ ಆಯ್ಕೆಗೆ ಕಾಯುವುದು, ಬಿಟ್ಟು ಕಾಯುವುದು, ಪೂರ್ತಿ ಹೊರಬರುವುದು ಇವುಗಳ ವ್ಯತ್ಯಾಸವನ್ನು, ಸಿಇಟಿಯ ನಾಲ್ಕು ‘ಛಾಯ್ಸ್’ಗಳೊಂದಿಗೆ ಹೋಲಿಸಿ, ಕಚೇರಿಯ ಹುಡುಗಿಯೊಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು. ಸಿಇಟಿಯಲ್ಲಿ ಛಾಯ್ಸ್ 2 ಆರಿಸಿ ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಸಿಕ್ಕಿದರೆ ಹಿಂದಿನದು ತಾನಾಗಿಯೇ ರದ್ದಾಗುತ್ತದೆ. ಹೀಗಾಗಿ ನಿಜವಾಗಿಯೂ ಬೇಡದ ಕಾಲೇಜನ್ನು ಪಟ್ಟಿಯ ಮೇಲ್ಗಡೆ ಇಡಬಾರದು ಎಂಬುದನ್ನು ಅವರು ಎರಡು ಸಲ ಹೇಳಿ, ನಮ್ಮಿಂದ ತಿರುಗಿ ಹೇಳಿಸಿದರು.

ಮಗಳು ಬೆಂಗಳೂರಿನ ಕಾಲೇಜಿಗೆ ಸೇರಿದಳು, ಎಲೆಕ್ಟ್ರಾನಿಕ್ಸ್. ಎರಡು ಸೆಮಿಸ್ಟರ್ ಮುಗಿದಿವೆ. ಹೆಸರಿನ ಕಾಲೇಜಿನಲ್ಲಿ ಎಲ್ಲವೂ ಚಿನ್ನವೆಂದು ಹೇಳಲಾರೆ. ಮೊದಲ ವರ್ಷದ ತರಗತಿಗಳು ಕಿಕ್ಕಿರಿದಿವೆ, ಒಂದು ವಿಷಯಕ್ಕೆ ಅರ್ಧ ಸೆಮಿಸ್ಟರ್‌ವರೆಗೆ ಕಾಯಂ ಅಧ್ಯಾಪಕರೇ ಇರಲಿಲ್ಲ. ಆದರೆ ಮೂರನೇ ವರ್ಷದ ವಿದ್ಯಾರ್ಥಿಗಳ ಒಂದು ತಂಡ ಸಂಜೆ ಐದರಿಂದ ಏಳರವರೆಗೆ ಲ್ಯಾಬಿನಲ್ಲಿ ಕೂರುತ್ತದೆ, ಮಗಳು ಅಲ್ಲಿ ಹೋಗಿ ಕೂರುತ್ತಾಳೆ. ಹೆಸರು ಎಂಬುದರಲ್ಲಿ ಗಟ್ಟಿಯಾದದ್ದು ಏನಾದರೂ ಇದ್ದರೆ ಅದು ಈ ಸಂಜೆಯ ಎರಡು ಗಂಟೆ ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯ ರ‍್ಯಾಂಕಿನ ಮಕ್ಕಳು ಅರ್ಧ ಶತಮಾನದಿಂದ ಅಲ್ಲಿಗೆ ಬರುತ್ತಿರುವುದರಿಂದ ಇಂಥ ತಂಡ ಅಲ್ಲಿ ಯಾವಾಗಲೂ ಇರುತ್ತದೆ. ಅವಳ ಸಿಜಿಪಿಎ 8.1. ಆ ಅಂಕಿಯನ್ನು ಮೊಬೈಲಿನಲ್ಲಿ ನೋಡಿದ ದಿನ ನನಗೆ ಪೆನ್ಸಿಲಿನಲ್ಲಿ ಗೆರೆ ಎಳೆದ ಆ 8.5 ನೆನಪಾಯಿತು. ಗ್ರೇಡ್ ಪದ್ಧತಿ, ಪಾಠ, ಊರು ಎಲ್ಲವೂ ಬೇರೆ, ಹೋಲಿಸಲಾಗದು ಎಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಹಾಗೇ ಕುಳಿತೆ. ಮಗಳು ಮಾತ್ರ 8.1ನ್ನು ತನ್ನ ಓದಿನ ಅಂಕಿಯಾಗಿ ನೋಡಿದಳು, ಮನೆಯ ಹಣದ ಅಂಕಿಯಾಗಿ ನೋಡಬೇಕಾಗಿ ಬರಲಿಲ್ಲ.

ಕೇಂದ್ರಕ್ಕೆ ನಾನು ಐದರಲ್ಲಿ ಮೂರು ಕೊಡುತ್ತೇನೆ. ಆ ಮೂರೂ ಎರಡನೆಯ ಭೇಟಿಗೆ ಮತ್ತು ಆಪ್ಷನ್ ಎಂಟ್ರಿ ಮಾಡಿಸಿದ ಆ ಹುಡುಗಿಗೆ ಸೇರಬೇಕು. ಮೇಷ್ಟ್ರ ಸಮಯವನ್ನು ಮಾತ್ರ ಬೇರೆಯಾಗಿ ಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿದೆ, ಇಲ್ಲವೆಂದರು. ಇದ್ದಿದ್ದರೆ ಅದಕ್ಕೇ ಪೂರ್ತಿ ಅಂಕ ಕೊಡುತ್ತಿದ್ದೆ. ಇಂಥ ಕೇಂದ್ರಕ್ಕೆ ಹೋಗುವವರು ಶುಲ್ಕ ಕಟ್ಟುವ ಮೊದಲು, ಯಾವ ಯಾವ ಸಂಸ್ಥೆಗಳಿಂದ ನಿಮಗೆ ಹಣ ಬರುತ್ತದೆ ಎಂದು ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ವಿದ್ಯಾರ್ಥಿವೇತನದ ಪತ್ರವಿದ್ದರೆ ಮೊದಲ ಪುಟ ಮಾತ್ರವಲ್ಲದೆ ಅನುಬಂಧಗಳನ್ನೂ ಮುದ್ರಿಸಿಕೊಂಡು ಹೋಗಿ, ಹಾಸ್ಟೆಲ್ ಶುಲ್ಕದ ಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಿ ತರಿಸಿಕೊಳ್ಳಿ. ಅನುಭವಿ ಅಧ್ಯಾಪಕರ ಸಮಯ ಬೇಕೆಂದು ಮೊದಲ ಫೋನಿನಲ್ಲೇ ಹೇಳಿ, ಮತ್ತು ಮಗುವನ್ನು ಜೊತೆಗೆ ಕರೆದೊಯ್ಯಿರಿ. ನಾವು ಹೋದ ಮೂರು ಸಲವೂ ಎಷ್ಟೋ ತಂದೆಯರು ಅಂಕಪಟ್ಟಿಯ ಫೈಲನ್ನು ಮಾತ್ರ ಹಿಡಿದುಕೊಂಡು ಒಬ್ಬರೇ ಬಂದಿದ್ದರು.